ನಾಲ್ಕು ಡ್ರೈಯರ್‌ಗೆ ಒಂದೇ ಡಕ್ಟ್: ಉಳಿತಾಯವೋ, ಅಪಾಯವೋ?

ಹಂಪಿ ನೋಡಲು ಬಂದವರು ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ರಾತ್ರಿ ಉಳಿದುಕೊಂಡರೆ ಕೋಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಾಸಿಗೆಯ ಮೇಲಿನ ಬಿಳಿ ಹೊದಿಕೆ. ಒಂದು ಕೋಣೆಗೆ ಎರಡು ಬೆಡ್‌ಶೀಟ್, ನಾಲ್ಕು ದಿಂಬಿನ ಚೀಲ, ನಾಲ್ಕು ಟವೆಲ್ ಎಂದು ಲೆಕ್ಕ ಹಿಡಿದರೂ ನಲವತ್ತು ಕೋಣೆಗಳ ಹೋಟೆಲಿನಲ್ಲಿ ದಿನಕ್ಕೆ ನಾನೂರು ಬಟ್ಟೆ ಒಗೆದು ಒಣಗಿಸಬೇಕು. ಹಿಂದೆ ಇಂಥ ಬಟ್ಟೆಯ ಗಂಟು ಮಡಿವಾಳರ ಮನೆಗೆ ಹೋಗಿ, ಹೊಳೆಯಲ್ಲೋ ಕಾಲುವೆಯಲ್ಲೋ ಒಗೆಸಿಕೊಂಡು, ಬಂಡೆಯ ಮೇಲೆ ಒಣಗಿ ಬರುತ್ತಿತ್ತು. ಈಗ ಅದೇ ದಿನ ಬಟ್ಟೆ ವಾಪಸ್ ಬೇಕು. ಮಳೆಗಾಲದಲ್ಲಿ ಹಗ್ಗದ ಮೇಲೆ ಹಾಕಿದ್ದು ಒಣಗುವುದಿಲ್ಲ. ಬೇಸಿಗೆಯಲ್ಲಿ ಒಣಗುತ್ತದೆ, ಆದರೆ ಸಂಡೂರಿನ ಕಡೆಯ ಅದಿರಿನ ಕೆಂಪು ಧೂಳು ಬಿಳಿ ಬಟ್ಟೆಯನ್ನು ಬಿಳಿಯಾಗಿರಲು ಬಿಡುವುದಿಲ್ಲ. ಹೀಗಾಗಿ ದೊಡ್ಡ ಹೋಟೆಲು, ರೆಸಾರ್ಟು, ಆಸ್ಪತ್ರೆಗಳೆಲ್ಲ ಬಟ್ಟೆ ಒಣಗಿಸುವ ಯಂತ್ರ, ಅಂದರೆ ಡ್ರೈಯರ್‌ಗಳ ಕಡೆ ವಾಲುತ್ತವೆ.

ಯಂತ್ರ ತಂದ ಮೇಲೆ ಬರುವ ಪ್ರಶ್ನೆ ಒಂದೇ: ಅದರಿಂದ ಹೊರಬರುವ ಬಿಸಿಗಾಳಿಯನ್ನು ಎಲ್ಲಿಗೆ ಕಳಿಸುವುದು? ಒಂದೊಂದು ಡ್ರೈಯರ್‌ಗೂ ಬೇರೆ ಬೇರೆ ಡಕ್ಟ್ ಎಂದರೆ ಗೋಡೆಗೆ ನಾಲ್ಕು ತೂತು, ನಾಲ್ಕು ಪಟ್ಟು ಜಿಐ ಶೀಟು, ನಾಲ್ಕು ಪಟ್ಟು ಕೂಲಿ. ನಾಲ್ಕನ್ನೂ ಒಂದೇ ದೊಡ್ಡ ಡಕ್ಟ್‌ಗೆ ಸೇರಿಸಿಬಿಟ್ಟರೆ? ‘ನಾಲ್ಕು ನಲ್ಲಿಯ ನೀರು ಒಂದೇ ಮೋರಿಗೆ ಹೋಗುವುದಿಲ್ಲವೇ?’ ಎಂಬ ಮಾತು ಕೇಳಲು ಸರಿಯಾಗಿಯೇ ಇದೆ.

ಹಾಗೆ ಸೇರಿಸಬಹುದು. ಜಗತ್ತಿನ ಅನೇಕ ಕಡೆ ಸೇರಿಸಿದ್ದಾರೆ. ಆದರೆ ಅದು ಮೋರಿಯ ಲೆಕ್ಕದಂತೆ ನಡೆಯುವುದಿಲ್ಲ. ನಾಲ್ಕೂ ಯಂತ್ರ ಒಟ್ಟಿಗೆ ಓಡುವಾಗ ಹೆಚ್ಚು ಅಪಾಯ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಸರಿಯಾದ ಅಳತೆಯ ಸಾಮೂಹಿಕ ಡಕ್ಟ್‌ನಲ್ಲಿ ಇದಕ್ಕೆ ತಿರುಗುಮುರುಗು: ಒಂದೇ ಯಂತ್ರ ಓಡಿ ಉಳಿದವು ಸುಮ್ಮನಿರುವಾಗ ತೊಂದರೆ ಶುರುವಾಗುತ್ತದೆ. ಹಂಪಿಯಂಥ ಊರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಹಂಪಿ ಉತ್ಸವದ ದಿನಗಳಲ್ಲಿ, ಚಳಿಗಾಲದ ರಜೆಯಲ್ಲಿ ಕೋಣೆಗಳು ತುಂಬಿರುತ್ತವೆ. ಏಪ್ರಿಲ್–ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಿಗೆ ಪ್ರವಾಸಿಗರು ಕಡಿಮೆಯಾಗುತ್ತಾರೆ, ಲಾಂಡ್ರಿಯಲ್ಲಿ ಒಂದು ಯಂತ್ರ ಓಡಿದರೆ ಹೆಚ್ಚು. ಡಕ್ಟ್ ಕಟ್ಟುವುದು ಉತ್ಸವದ ಲೆಕ್ಕಕ್ಕೆ, ಅದು ಕಟ್ಟಿಕೊಳ್ಳುವುದು ಬೇಸಿಗೆಯಲ್ಲಿ.

ಡ್ರೈಯರ್ ಒಳಗೆ ಏನು ನಡೆಯುತ್ತದೆ?

ಡ್ರೈಯರ್ ಎಂದರೆ ಕೋಣೆಯ ಗಾಳಿಯನ್ನು ಎಳೆದುಕೊಂಡು, ಬಿಸಿ ಮಾಡಿ, ತಿರುಗುವ ಡ್ರಮ್ಮಿನಲ್ಲಿರುವ ಒದ್ದೆ ಬಟ್ಟೆಯ ಮೂಲಕ ಹಾಯಿಸಿ, ಫ್ಯಾನ್‌ನಿಂದ ಹೊರಗೆ ದೂಡುವ ಯಂತ್ರ. ಬಿಸಿ ಮಾಡಲು ಕರೆಂಟು, ಹಬೆ ಅಥವಾ ಎಲ್‌ಪಿಜಿ ಬಳಸುತ್ತಾರೆ. ಗ್ಯಾಸಿನ ಡ್ರೈಯರ್‌ನಲ್ಲಿ ಬರ್ನರ್ ಉರಿಯ ಅನಿಲಗಳೂ ಅದೇ ಗಾಳಿಯೊಂದಿಗೆ ಬೆರೆತು, ಬಟ್ಟೆಯ ಮೂಲಕವೇ ಹಾದು ಹೊರಗೆ ಹೋಗುತ್ತವೆ.

ಲೆಕ್ಕಕ್ಕೆ 15 ಕಿಲೋ ಬಟ್ಟೆ ಹಿಡಿಯುವ ಯಂತ್ರವೊಂದನ್ನು ತೆಗೆದುಕೊಳ್ಳೋಣ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲೂ ಅದರ ಒಣತೂಕದ ಅರ್ಧದಷ್ಟು ನೀರು ಉಳಿದಿರುತ್ತದೆ ಎಂದುಕೊಂಡರೆ, ಒಂದು ಸಲಕ್ಕೆ ಏಳೂವರೆ ಲೀಟರ್ ನೀರು ಆವಿಯಾಗಬೇಕು. ಅದಕ್ಕೆ ಕನಿಷ್ಠ ಐದು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ನಾಲ್ಕು ಯಂತ್ರ ಸೇರಿ ಒಂದು ಸುತ್ತಿಗೆ ಮೂವತ್ತು ಲೀಟರ್, ಅಂದರೆ ಎರಡು ದೊಡ್ಡ ಕೊಡದಷ್ಟು ನೀರನ್ನು ಗಾಳಿಗೆ ಬಿಡುತ್ತವೆ. ಇದನ್ನು ಕೋಣೆಯೊಳಗೇ ಬಿಟ್ಟರೆ ಗೋಡೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ, ಬಟ್ಟೆಯೂ ಬೇಗ ಒಣಗುವುದಿಲ್ಲ.

ನೀರಾವಿಯ ಜೊತೆಗೆ ಹೊರಬರುವ ಇನ್ನೊಂದು ವಸ್ತು ಬಟ್ಟೆಯಿಂದ ಉದುರುವ ಹತ್ತಿಯ ಜುಂಗು. ಲಾಂಡ್ರಿಯವರ ಮಾತಿನಲ್ಲಿ ಅದೇ ಲಿಂಟ್. ಯಂತ್ರದ ಜಾಲರಿ ಇದರಲ್ಲಿ ಬಹುಪಾಲನ್ನು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ. ತಪ್ಪಿಸಿಕೊಂಡ ನಯವಾದ ಜುಂಗು ತೇವದ ಗಾಳಿಯೊಂದಿಗೆ ಡಕ್ಟ್ ಸೇರುತ್ತದೆ. ಇದು ಕಡ್ಡಿ ಗೀರಿದರೆ ಬುಗ್ ಎಂದು ಹತ್ತಿಕೊಳ್ಳುವಂಥ ಒಣ ಹತ್ತಿ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಸಾಮೂಹಿಕ ಡಕ್ಟ್ ಬಗ್ಗೆ ಕೇಳಿಬರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ‘ಗಾಳಿಯೂ ಮೋರಿಯ ನೀರಿನಂತೆ, ಹೊರಗೆ ಹೋಗೇ ಹೋಗುತ್ತದೆ’

ಮೋರಿಯ ನೀರಿಗೆ ಇಳಿಜಾರು ದಾರಿ ತೋರಿಸುತ್ತದೆ. ಒಂದು ಬಚ್ಚಲಿನ ನೀರು ಇನ್ನೊಂದು ಬಚ್ಚಲಿಗೆ ಹತ್ತಿ ಬರುವುದಿಲ್ಲ. ಫ್ಯಾನ್ ದೂಡಿದ ಗಾಳಿಗೆ ಇಳಿಜಾರು ಗೊತ್ತಿಲ್ಲ, ಒತ್ತಡ ಮಾತ್ರ ಗೊತ್ತು. ಒತ್ತಡ ಕಡಿಮೆ ಇರುವ ಕಡೆಗೆಲ್ಲ ಅದು ನುಗ್ಗುತ್ತದೆ.

ಒಂದನೇ ಡ್ರೈಯರ್ ಓಡುತ್ತಿದೆ, ಉಳಿದ ಮೂರು ನಿಂತಿವೆ ಎಂದುಕೊಳ್ಳಿ. ಒಂದನೆಯದರ ಫ್ಯಾನ್ ಸಾಮೂಹಿಕ ಡಕ್ಟ್‌ನಲ್ಲಿ ಒತ್ತಡ ಹುಟ್ಟಿಸುತ್ತದೆ. ಆ ಗಾಳಿಗೆ ಚಾವಣಿಯವರೆಗಿನ ಉದ್ದ ಡಕ್ಟ್ ಒಂದು ದಾರಿ. ನಿಂತ ಡ್ರೈಯರ್‌ಗಳ ಮೂಲಕ ಹಿಮ್ಮುಖವಾಗಿ ಕೋಣೆಗೆ ಬರುವುದು ಇನ್ನೊಂದು ದಾರಿ. ಎರಡನೆಯದು ಎಷ್ಟೋ ಸಲ ಹತ್ತಿರದ ದಾರಿ. ಆಗ ಬಿಸಿ ತೇವದ ಗಾಳಿ, ಜುಂಗು, ಗ್ಯಾಸಿನ ಯಂತ್ರವಾದರೆ ಉರಿದ ಅನಿಲ ಎಲ್ಲವೂ ಪಕ್ಕದ ಯಂತ್ರದೊಳಗೆ ಬಂದು, ಅಲ್ಲಿಂದ ಕೆಲಸದವರು ನಿಂತಿರುವ ಜಾಗಕ್ಕೆ ಬರುತ್ತವೆ.

ಇದನ್ನು ತಡೆಯಲು ಪ್ರತಿ ಯಂತ್ರದ ಕೊಳವೆ ಸಾಮೂಹಿಕ ಡಕ್ಟ್ ಸೇರುವ ಮೊದಲು ಒಂದು ಏಕಮುಖ ಬಾಗಿಲು, ಅಂದರೆ ಡ್ಯಾಂಪರ್ ಇಡುತ್ತಾರೆ. ತನ್ನ ಯಂತ್ರದ ಗಾಳಿ ದೂಡಿದಾಗ ಅದರ ರೆಕ್ಕೆ ತೆರೆಯುತ್ತದೆ, ಎದುರಿನಿಂದ ದೂಡಿದರೆ ಮುಚ್ಚಿಕೊಳ್ಳುತ್ತದೆ. ಸರಳ ಉಪಾಯ. ಆದರೆ ರೆಕ್ಕೆಯ ಅಂಚಿಗೆ ತೇವದ ಜುಂಗು ಅಂಟಿದರೆ ಅದು ಪೂರ್ತಿ ಮುಚ್ಚುವುದಿಲ್ಲ, ಅಥವಾ ಪೂರ್ತಿ ತೆರೆಯುವುದಿಲ್ಲ. ಡ್ಯಾಂಪರ್ ಹಾಕಿ ಮರೆತರೆ ಹಾಕಿಯೂ ಹಾಕದಂತೆಯೇ.

ನಂಬಿಕೆ 2: ‘ದೊಡ್ಡ ಡಕ್ಟ್ ಹಾಕಿಬಿಟ್ಟರೆ ಚಿಂತೆಯಿಲ್ಲ’

ಸಣ್ಣ ಡಕ್ಟ್ ಹಾಕಿದರೆ ತೊಂದರೆ ಎಂಬುದು ನಿಜ. ನಮ್ಮ ಲೆಕ್ಕದ ಡ್ರೈಯರ್ ನಿಮಿಷಕ್ಕೆ ಸುಮಾರು 14 ಘನ ಮೀಟರ್ (500 ಘನ ಅಡಿ) ಗಾಳಿ ದೂಡುತ್ತದೆ ಎಂದಿಟ್ಟುಕೊಳ್ಳೋಣ. 20 ಸೆಂಟಿಮೀಟರ್, ಅಂದರೆ 8 ಇಂಚು ವ್ಯಾಸದ ಡಕ್ಟ್‌ನಲ್ಲಿ ಈ ಗಾಳಿ ಸೆಕೆಂಡಿಗೆ ಸುಮಾರು ಏಳೂವರೆ ಮೀಟರ್ ವೇಗದಲ್ಲಿ ಹರಿಯುತ್ತದೆ. ಅದೇ 20 ಸೆಂಟಿಮೀಟರ್ ಡಕ್ಟ್‌ಗೆ ನಾಲ್ಕು ಯಂತ್ರದ ಗಾಳಿ ತುರುಕಿದರೆ ವೇಗ ನಾಲ್ಕು ಪಟ್ಟಾಗಬೇಕು. ಡಕ್ಟ್ ಒಡ್ಡುವ ತಡೆ ವೇಗದ ವರ್ಗದಂತೆ ಏರುವುದರಿಂದ ತಡೆ ಹದಿನಾರು ಪಟ್ಟಾಗುತ್ತದೆ. ಡ್ರೈಯರ್‌ನ ಪುಟ್ಟ ಫ್ಯಾನ್‌ಗೆ ಅಷ್ಟು ಬಲ ಇರುವುದಿಲ್ಲ. ಗಾಳಿ ಕುಗ್ಗುತ್ತದೆ, ಒಳಗಿನ ಬಿಸಿ ಏರುತ್ತದೆ, ಬಟ್ಟೆ ಒಣಗಲು ನಲವತ್ತು ನಿಮಿಷದ ಬದಲು ಒಂದೂವರೆ ಗಂಟೆ ಹಿಡಿಯಬಹುದು.

ಹಾಗಾಗಿ ನಿಯಮ ಇದು: ಸೇರುವ ಕೊಳವೆಗಳ ಬಾಯಿಯ ವಿಸ್ತೀರ್ಣವನ್ನೆಲ್ಲ ಕೂಡಿದಷ್ಟು ವಿಸ್ತೀರ್ಣ ಸಾಮೂಹಿಕ ಡಕ್ಟ್‌ಗೆ ಇರಬೇಕು. ವ್ಯಾಸವನ್ನು ಕೂಡಬಾರದು. ನಾಲ್ಕು 20 ಸೆಂಟಿಮೀಟರ್ ಕೊಳವೆಗಳಿಗೆ 80 ಸೆಂಟಿಮೀಟರ್ ಬೇಕಿಲ್ಲ, 40 ಸಾಕು. ವ್ಯಾಸ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ. ಎರಡು ಯಂತ್ರಕ್ಕೆ 28, ಮೂರಕ್ಕೆ 35, ನಾಲ್ಕಕ್ಕೆ 40 ಸೆಂಟಿಮೀಟರ್.

ಈಗ ಅಸಲು ಸಮಸ್ಯೆ. 40 ಸೆಂಟಿಮೀಟರ್ ಡಕ್ಟ್‌ನಲ್ಲಿ ನಾಲ್ಕೂ ಯಂತ್ರ ಓಡಿದರೆ ಗಾಳಿಯ ವೇಗ ಮತ್ತೆ ಏಳೂವರೆ ಮೀಟರ್, ಬಹಳ ಚೆನ್ನ. ಒಂದೇ ಓಡಿದರೆ? ಸೆಕೆಂಡಿಗೆ ಎರಡು ಮೀಟರೂ ಇಲ್ಲ. ಜುಂಗು ಕೆಳಗೆ ಕೂರದೆ ತೇಲಿಕೊಂಡು ಹೊರಹೋಗಬೇಕಾದರೆ ಸೆಕೆಂಡಿಗೆ ಸುಮಾರು ಆರು ಮೀಟರ್ (ನಿಮಿಷಕ್ಕೆ 1200 ಅಡಿ) ವೇಗ ಬೇಕು ಎಂಬುದು ಈ ಕೆಲಸದವರು ಸಾಮಾನ್ಯವಾಗಿ ಅನುಸರಿಸುವ ಲೆಕ್ಕ.

ಹೊಸಪೇಟೆಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಮಳೆಗಾಲದ ತುಂಗಭದ್ರೆ ರಭಸದಲ್ಲಿ ಮಣ್ಣನ್ನು ಹೊತ್ತು ತರುತ್ತದೆ. ಜಲಾಶಯದ ವಿಶಾಲ ಒಡಲಿಗೆ ಬಂದು ವೇಗ ಕಳೆದುಕೊಂಡ ಕೂಡಲೇ ಹೊತ್ತದ್ದನ್ನು ಅಲ್ಲೇ ಇಳಿಸುತ್ತದೆ. 1953ರಲ್ಲಿ ನೀರು ತುಂಬಲು ಆರಂಭವಾದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಇಂದು ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಅಗಲವಾದ ಡಕ್ಟ್‌ನಲ್ಲಿ ಒಂದೇ ಡ್ರೈಯರ್‌ನ ಗಾಳಿಯದೂ ಇದೇ ಕತೆ. ಜುಂಗು ಡಕ್ಟ್‌ನ ತಳದಲ್ಲಿ, ತಿರುವುಗಳಲ್ಲಿ, ಕೀಲುಗಳಲ್ಲಿ ಹೂಳಿನಂತೆ ಕೂರುತ್ತದೆ. ಒಂದೇ ವ್ಯತ್ಯಾಸ, ಈ ಹೂಳು ಉರಿಯುತ್ತದೆ.

ಇದಕ್ಕೆ ಪೂರ್ಣ ಪರಿಹಾರವಿಲ್ಲ, ಕಡಿಮೆ ಮಾಡುವ ದಾರಿಗಳಿವೆ. ಮೊದಲನೆಯದು, ಡಕ್ಟ್ ಇಡೀ ಉದ್ದಕ್ಕೂ ಒಂದೇ ಅಗಲ ಇರಬಾರದು. ಅತಿ ದೂರದ ಯಂತ್ರದ ಬಳಿ 20ರಿಂದ ಶುರುವಾಗಿ, ಯಂತ್ರಗಳು ಸೇರುತ್ತ ಹೋದಂತೆ 28, 35, 40 ಎಂದು ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗಬೇಕು. ಎರಡನೆಯದು, ನಾಲ್ಕು ಯಂತ್ರಕ್ಕೆ ಒಂದರ ಬದಲು ಎರಡೆರಡಕ್ಕೆ ಒಂದರಂತೆ ಎರಡು ಡಕ್ಟ್. ಆಗ ಒಂದೇ ಯಂತ್ರ ಓಡಿದರೂ ವೇಗ ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮೂರನೆಯದು ಕೆಲಸದ ರೂಢಿ: ಮಂದಿ ಕಡಿಮೆ ಇರುವ ತಿಂಗಳುಗಳಲ್ಲಿ ದಿನವಿಡೀ ಒಂದೊಂದೇ ಯಂತ್ರ ಓಡಿಸುವ ಬದಲು, ಬಟ್ಟೆ ಕೂಡಿಸಿಕೊಂಡು ಸೇರಿದ ಯಂತ್ರಗಳನ್ನು ಒಟ್ಟಿಗೆ ಓಡಿಸುವುದು.

ನಂಬಿಕೆ 3: ‘ಕೊನೆಯಲ್ಲಿ ಒಂದು ದೊಡ್ಡ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಎಲ್ಲ ಎಳೆದುಹಾಕುತ್ತದೆ’

ಡಕ್ಟ್ ಉದ್ದವಾಗಿದ್ದರೆ, ಹಲವು ಅಂತಸ್ತು ಹತ್ತಬೇಕಿದ್ದರೆ ಕೊನೆಯಲ್ಲಿ ಫ್ಯಾನ್ ಬೇಕೇ ಆಗುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಒಂದೇ ವೇಗದ ಎಕ್ಸಾಸ್ಟ್ ಫ್ಯಾನ್ ಇಲ್ಲಿ ಉಪಕಾರಕ್ಕಿಂತ ಉಪದ್ರವವನ್ನೇ ಹೆಚ್ಚು ಮಾಡಬಹುದು. ನಾಲ್ಕೂ ಓಡುವಾಗ ಸಾಕಾಗುವ ಫ್ಯಾನ್, ಒಂದೇ ಓಡುವಾಗ ಆ ಯಂತ್ರದ ಗಾಳಿಯನ್ನು ಅತಿಯಾಗಿ ಎಳೆಯುತ್ತದೆ. ಬಿಸಿ ಗಾಳಿ ಬಟ್ಟೆಯಲ್ಲಿ ನಿಲ್ಲದೆ ಓಡಿಹೋಗುತ್ತದೆ, ಗ್ಯಾಸ್ ವ್ಯರ್ಥವಾಗುತ್ತದೆ, ಬರ್ನರ್ ಉರಿ ಅಲುಗಾಡಿ ಸರಿಯಾಗಿ ಉರಿಯದಿರಬಹುದು. ಇನ್ನು ಫ್ಯಾನ್ ಕೆಟ್ಟು ನಿಂತರೆ ಅದೇ ಡಕ್ಟ್‌ಗೆ ಅಡ್ಡವಾದ ತಡೆ. ಡ್ರೈಯರ್‌ಗಳು ಮಾತ್ರ ಏನೂ ಆಗದಂತೆ ಓಡುತ್ತಲೇ ಇರುತ್ತವೆ.

ಆದ್ದರಿಂದ ಫ್ಯಾನ್ ಹಾಕುವುದಾದರೆ ಎರಡು ಷರತ್ತು. ಡಕ್ಟ್ ಒಳಗಿನ ಒತ್ತಡವನ್ನು ಅಳೆದು, ಎಷ್ಟು ಯಂತ್ರ ಓಡುತ್ತಿವೆಯೋ ಅದಕ್ಕೆ ತಕ್ಕಂತೆ ತನ್ನ ವೇಗವನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ ಅದಕ್ಕಿರಬೇಕು. ಫ್ಯಾನ್ ನಿಂತರೆ ಡ್ರೈಯರ್‌ಗಳೂ ತಾವಾಗಿಯೇ ನಿಲ್ಲುವಂತೆ ವಿದ್ಯುತ್ ಜೋಡಣೆ ಆಗಿರಬೇಕು.

ಇಲ್ಲೊಂದು ಗೊಂದಲ ಬರುವುದುಂಟು. ಅಮೆರಿಕದಲ್ಲಿ ಬಳಕೆಯಲ್ಲಿರುವ ಇಂಟರ್‌ನ್ಯಾಷನಲ್ ಮೆಕ್ಯಾನಿಕಲ್ ಕೋಡ್, ಬಹುಮಹಡಿ ವಸತಿ ಕಟ್ಟಡಗಳಲ್ಲಿ ಹಲವು ಮನೆಗಳ ಡ್ರೈಯರ್‌ಗಳು ಒಂದೇ ಡಕ್ಟ್ ಸೇರುವಾಗ ಅದರಲ್ಲಿ ಡ್ಯಾಂಪರ್ ಇಡಬಾರದು ಎನ್ನುತ್ತದೆ. ಹಾಗಾದರೆ ಡ್ಯಾಂಪರ್ ಬೇಕೋ ಬೇಡವೋ? ಇವು ಎರಡು ಬೇರೆ ಬೇರೆ ಪದ್ಧತಿಗಳು. ಆ ನಿಯಮದಲ್ಲಿ ಮೇಲಿನ ಫ್ಯಾನ್ ಹಗಲೂ ರಾತ್ರಿ ನಿಲ್ಲದೆ ಓಡಬೇಕು. ಡಕ್ಟ್ ಒಳಗೆ ಸದಾ ಸೆಳೆತ ಇರುವುದರಿಂದ ಗಾಳಿ ಹಿಂದೆ ಬರುವ ಮಾತಿಲ್ಲ, ಡ್ಯಾಂಪರ್ ಇಟ್ಟರೆ ಅದು ಜುಂಗು ಹಿಡಿಯುವ ಜಾಗ ಮಾತ್ರ. ಫ್ಯಾನ್ ಇಲ್ಲದೆ ಡ್ರೈಯರ್‌ಗಳೇ ದೂಡುವ ಡಕ್ಟ್‌ನಲ್ಲಿ ಒಳಗೆ ಒತ್ತಡವಿರುತ್ತದೆ, ಅಲ್ಲಿ ಡ್ಯಾಂಪರ್ ಬೇಕು. ಒಂದು ಪದ್ಧತಿಯ ಅರ್ಧ, ಇನ್ನೊಂದರ ಅರ್ಧ ಸೇರಿಸಿ ಕಟ್ಟುವುದೇ ಅಪಾಯ. ನಿಮ್ಮ ಯಂತ್ರದ ತಯಾರಕರ ಕೈಪಿಡಿ ಯಾವುದನ್ನು ಹೇಳುತ್ತದೋ ಅದನ್ನು ಪೂರ್ತಿ ಅನುಸರಿಸಬೇಕು.

ನಂಬಿಕೆ 4: ‘ವಾಸನೆ ಇಲ್ಲ ಎಂದರೆ ಗ್ಯಾಸ್ ಇಲ್ಲ’

ಹೊರಗೆ ಹೋಗುವ ಗಾಳಿಯ ಬಗ್ಗೆ ಇಷ್ಟು ಮಾತಾಡಿದೆವು. ಒಳಗೆ ಬರುವ ಗಾಳಿಯ ವಿಷಯ ಹೆಚ್ಚಿನವರು ಮರೆತೇಬಿಡುತ್ತಾರೆ. ನಾಲ್ಕು ಯಂತ್ರ ಸೇರಿ ನಿಮಿಷಕ್ಕೆ ಸುಮಾರು 56 ಘನ ಮೀಟರ್ ಗಾಳಿ ಹೊರಹಾಕುತ್ತವೆ. ಆರು ಮೀಟರ್ ಉದ್ದ, ಐದು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಲಾಂಡ್ರಿ ಕೋಣೆಯಲ್ಲಿ ಇರುವ ಗಾಳಿಯೇ 90 ಘನ ಮೀಟರ್. ಅಂದರೆ ಎರಡು ನಿಮಿಷದೊಳಗೆ ಕೋಣೆಯ ಗಾಳಿಯೆಲ್ಲ ಖಾಲಿಯಾಗುವ ಲೆಕ್ಕ! ಹೊರಗಿನಿಂದ ಅಷ್ಟೇ ಗಾಳಿ ಬರದಿದ್ದರೆ ಡ್ರೈಯರ್‌ಗಳು ಗಾಳಿಗಾಗಿ ಒಂದರೊಡನೊಂದು ಕಿತ್ತಾಡುತ್ತವೆ. ಎಸಿಯ ತಂಪು ಹೋಗುತ್ತದೆಂದೋ ಧೂಳು ಬರುತ್ತದೆಂದೋ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಓಡುವ ಯಂತ್ರ ನಿಂತ ಯಂತ್ರದ ಡಕ್ಟ್ ಮೂಲಕವೇ ಗಾಳಿಯನ್ನು ವಾಪಸ್ ಎಳೆದುಕೊಳ್ಳಬಹುದು. ಪಕ್ಕದಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದರ ಹೊಗೆಯೂ ಕೋಣೆಗೆ ತಿರುಗಬಹುದು.

ಬರ್ನರ್‌ಗೆ ಸಾಕಷ್ಟು ಗಾಳಿ ಸಿಗದೆ ಉರಿ ಅರೆಬರೆಯಾದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಎಲ್‌ಪಿಜಿ ಸೋರಿದರೆ ನಮಗೆ ವಾಸನೆ ಬರುತ್ತದೆ, ಏಕೆಂದರೆ ಎಚ್ಚರಿಕೆಗೆಂದೇ ಅದಕ್ಕೆ ಕಟುವಾಸನೆಯ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಇದರ ಮೊದಲ ಲಕ್ಷಣಗಳು. ರಾತ್ರಿ ಪಾಳಿಯಲ್ಲಿ ಊಟ ತಪ್ಪಿಸಿ ಕೆಲಸ ಮಾಡುವವರು ಇದನ್ನು ‘ಪಿತ್ತ’ ಎಂದೋ ‘ಸೆಕೆ’ ಎಂದೋ ಅಂದುಕೊಂಡು ಅಲ್ಲೇ ಮೂಲೆಯಲ್ಲಿ ಮಲಗಿಬಿಡುವ ಸಾಧ್ಯತೆಯೇ ಹೆಚ್ಚು. ಒಂದೇ ಕೋಣೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತದೆ ಎಂದಾದರೆ ಅದು ಪಿತ್ತವಲ್ಲ. ಯಂತ್ರ ನಿಲ್ಲಿಸಿ, ಎಲ್ಲರೂ ಹೊರಬಂದು, ಆಸ್ಪತ್ರೆಗೆ ಹೋಗಬೇಕು.

ಹೊರಗಿನ ಗಾಳಿ ಬರಲು ಎಷ್ಟು ಕಿಂಡಿ ಬೇಕು? ಗಾಳಿ ಸೆಕೆಂಡಿಗೆ ಒಂದೂವರೆ ಮೀಟರ್ ವೇಗ ಮೀರದೆ ಸಲೀಸಾಗಿ ಒಳಬರಬೇಕೆಂದರೆ ನಮ್ಮ ನಾಲ್ಕು ಯಂತ್ರಕ್ಕೆ ಸುಮಾರು ಏಳು ಚದರ ಅಡಿ ತೆರೆದ ಜಾಗ ಬೇಕು. ಕಿಂಡಿಗೆ ಓರೆಪಟ್ಟಿಗಳಿದ್ದರೆ ಅವೇ ಅರ್ಧ ಜಾಗ ತಿನ್ನುತ್ತವೆ, ಆಗ ಕಿಂಡಿಯ ಅಳತೆ ಇಮ್ಮಡಿ ಇರಬೇಕು. ಕರೆಂಟಿನ ಡ್ರೈಯರ್‌ನಲ್ಲಿ ಉರಿಯಿಲ್ಲದ ಕಾರಣ ಕಾರ್ಬನ್ ಮಾನಾಕ್ಸೈಡ್ ಭಯವಿಲ್ಲ. ಗಾಳಿಯ ಅಗತ್ಯ, ಜುಂಗಿನ ಅಪಾಯ ಅದಕ್ಕೂ ಅಷ್ಟೇ ಇದೆ. ಇನ್ನು ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲೇ ಶೇಖರವಾಗುತ್ತದೆ. ಹಾಗಾಗಿ ನೆಲಮಾಳಿಗೆಯ ಲಾಂಡ್ರಿಗೆ ಗ್ಯಾಸಿನ ಯಂತ್ರ ಒಳ್ಳೆಯ ಆಯ್ಕೆಯಲ್ಲ.

ನಂಬಿಕೆ 5: ‘ಒಗೆದ ಬಟ್ಟೆಗೆ ಬೆಂಕಿ ಹೇಗೆ ಹತ್ತುತ್ತದೆ?’

ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಲೆಕ್ಕ ತೆಗೆದಾಗ, ಆ ದೇಶದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಪ್ರಕರಣಗಳು ಡ್ರೈಯರ್‌ನಿಂದ ಆಗಿದ್ದವು. ಕಾರಣಗಳಲ್ಲಿ ಮೊದಲನೆಯದು ಸ್ವಚ್ಛ ಮಾಡದಿರುವುದು, ಶೇ 34. ಅವು ವಾರಕ್ಕೆ ಕೆಲವು ಸಲ ಓಡುವ ಮನೆಯ ಯಂತ್ರಗಳು. ಹೋಟೆಲಿನ ಯಂತ್ರ ದಿನಕ್ಕೇ ಹತ್ತು ಸಲ ಓಡಬಹುದು.

ಸಾಮೂಹಿಕ ಡಕ್ಟ್‌ನಲ್ಲಿ ಬೆಂಕಿಗೆ ಇನ್ನೊಂದು ಅನುಕೂಲವಿದೆ. ಬೇರೆ ಬೇರೆ ಡಕ್ಟ್ ಇದ್ದರೆ ಒಂದು ಯಂತ್ರದ ಬೆಂಕಿ ಅದರ ಡಕ್ಟ್‌ಗೆ ಸೀಮಿತವಾಗುವ ಸಾಧ್ಯತೆ ಹೆಚ್ಚು. ಸೇರಿಸಿದ ಡಕ್ಟ್‌ನಲ್ಲಿ ಒಂದರ ಕಿಡಿ ಎಲ್ಲದರ ಹೂಳಿಗೂ ಸಿಗುತ್ತದೆ.

ಹಂಪಿ ಸುತ್ತಿನ ರೆಸಾರ್ಟುಗಳು ಗಮನಿಸಬೇಕಾದ ಒಂದು ವಿಷಯ ಎಣ್ಣೆ. ಮಸಾಜಿಗೆ ಬಳಸಿದ ಟವೆಲ್, ಅಡುಗೆಮನೆಯ ಒರೆಬಟ್ಟೆಗಳಲ್ಲಿ ಎಣ್ಣೆ ಹೀರಿಕೊಂಡಿರುತ್ತದೆ. ಸಾಮಾನ್ಯ ಒಗೆತದಲ್ಲಿ ಅದು ಪೂರ್ತಿ ಹೋಗುವುದಿಲ್ಲ. ಸಸ್ಯಜನ್ಯ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಕೂಡುವಾಗ ತಾನೇ ಶಾಖ ಹುಟ್ಟಿಸುತ್ತದೆ. ಡ್ರೈಯರ್‌ನ ಬಿಸಿ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಬಿಸಿ ಟವೆಲ್‌ಗಳನ್ನು ಹಾಗೇ ಬುಟ್ಟಿಯಲ್ಲಿ ಒತ್ತಿ ತುಂಬಿಟ್ಟರೆ ಒಳಗಿನ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಹುಲ್ಲಿನ ಬಣವೆ ಒಳಗೊಳಗೇ ಕಾದು ಹತ್ತಿಕೊಳ್ಳುವಂತೆ, ಗಂಟೆಗಟ್ಟಲೆ ನಂತರ, ಯಾರೂ ಇಲ್ಲದ ವೇಳೆಯಲ್ಲಿ ಬುಟ್ಟಿ ಹತ್ತಿಕೊಳ್ಳಬಹುದು. ಅಗಸೆ ಎಣ್ಣೆಯಲ್ಲಿ ಈ ಗುಣ ತೀವ್ರ. ಸೂರ್ಯಕಾಂತಿ, ಎಳ್ಳೆಣ್ಣೆಗಳಲ್ಲೂ ಸಾಕಷ್ಟಿದೆ. ಕೊಬ್ಬರಿ ಎಣ್ಣೆಯಲ್ಲಿ ಬಹಳ ಕಡಿಮೆ. ಎಣ್ಣೆ ಬಟ್ಟೆಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಹೆಚ್ಚು ಸೋಪು ಹಾಕಿ ಒಗೆದು, ಬಿಸಿಲಲ್ಲೇ ಒಣಗಿಸುವುದು ಕ್ಷೇಮ. ಯಂತ್ರಕ್ಕೆ ಹಾಕುವ ಮಿಕ್ಕ ಬಟ್ಟೆಯನ್ನೂ ಕೊನೆಯ ತಣಿಸುವ ಸುತ್ತು ಮುಗಿಯುವ ಮುನ್ನ ಹೊರತೆಗೆಯಬಾರದು.

ಇದೇ ಕಾರಣಕ್ಕೆ ಡ್ರೈಯರ್‌ನ ಡಕ್ಟನ್ನು ಅಡುಗೆಮನೆಯ ಚಿಮಣಿಗೆ ಸೇರಿಸಬಾರದು. ಒಂದರಲ್ಲಿ ಜುಂಗು, ಇನ್ನೊಂದರಲ್ಲಿ ಎಣ್ಣೆಯ ಜಿಡ್ಡು. ಎರಡೂ ಕೂಡಿದರೆ ಬತ್ತಿಯೂ ಎಣ್ಣೆಯೂ ಸಿದ್ಧವಾದಂತೆ. ಗೀಸರ್, ಬಾಯ್ಲರ್‌ಗಳ ಹೊಗೆಕೊಳವೆಗೂ ಸೇರಿಸಬಾರದು.

ನಂಬಿಕೆ 6: ‘ಹೊರಬಾಯಿಗೆ ಸೊಳ್ಳೆಜಾಲರಿ ಕಟ್ಟಿದರೆ ಪಾರಿವಾಳ ಬರುವುದಿಲ್ಲ’

ಪಾರಿವಾಳ ಬರುವುದಿಲ್ಲ, ನಿಜ. ಗಾಳಿಯೂ ಹೊರಹೋಗುವುದಿಲ್ಲ! ತೇವದ ಜುಂಗು ಕೆಲವೇ ದಿನಗಳಲ್ಲಿ ಸಣ್ಣ ಕಣ್ಣಿನ ಜಾಲರಿಯ ಮೇಲೆ ಕಂಬಳಿಯಂತೆ ಹಾಸಿಕೊಳ್ಳುತ್ತದೆ. ಹಕ್ಕಿ, ಮಳೆ ಎರಡನ್ನೂ ತಡೆಯಲು ಬಾಯಿಯನ್ನು ಕೆಳಮುಖವಾಗಿ ಬಗ್ಗಿಸುವುದು, ಅಥವಾ ಗಾಳಿ ಬಂದಾಗ ತೆರೆದು ನಿಂತಾಗ ಮುಚ್ಚುವ ಮುಚ್ಚಳ ಹಾಕುವುದು ಸರಿಯಾದ ದಾರಿ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಬಾಯಿ ಆ ದಿಕ್ಕಿಗೆ ಇರದಿದ್ದರೆ ಒಳ್ಳೆಯದು. ಎದುರುಗಾಳಿ ಒಳಗಿನ ಗಾಳಿಯನ್ನು ಹಿಂದಕ್ಕೆ ಒತ್ತುತ್ತದೆ. ಅತಿಥಿಗಳ ಕೋಣೆಯ ಕಿಟಕಿ, ಎಸಿಯ ಗಾಳಿಕಿಂಡಿಗಳಿಂದಲೂ ಬಾಯಿ ದೂರ ಇರಬೇಕು.

ಹಾಗಾದರೆ ಸರಿಯಾದ ಜೋಡಣೆ ಹೇಗಿರಬೇಕು?

ಸಾಧ್ಯವಿದ್ದರೆ ಒಂದೊಂದು ಯಂತ್ರಕ್ಕೂ ಒಂದೊಂದು ಡಕ್ಟ್. ಇದನ್ನು ಮೀರಿದ ಪದ್ಧತಿಯಿಲ್ಲ, ತಯಾರಕರ ಕೈಪಿಡಿಗಳೂ ಸಾಮಾನ್ಯವಾಗಿ ಇದನ್ನೇ ಮೊದಲು ಹೇಳುತ್ತವೆ. ಜಾಗವಿಲ್ಲದೆ ಸೇರಿಸಲೇಬೇಕಾದರೆ ಈ ಅಂಶಗಳು ಮುಖ್ಯ:

• ಡಕ್ಟ್ ನಯವಾದ ಜಿಐ ಅಥವಾ ಅಲ್ಯೂಮಿನಿಯಂ ಶೀಟಿನದಾಗಿರಲಿ. ಸುಕ್ಕುಸುಕ್ಕಾಗಿ ಬಗ್ಗುವ ಪ್ಲಾಸ್ಟಿಕ್ ಕೊಳವೆ ಬೇಡ. ಅದರ ಒಂದೊಂದು ಸುಕ್ಕೂ ಜುಂಗಿಗೆ ಮನೆ, ಬೆಂಕಿಗೆ ಮೇವು.

• ಕೀಲುಗಳನ್ನು ಸ್ಕ್ರೂ ಹಾಕಿ ಬಿಗಿಯಬೇಡಿ. ಒಳಗೆ ಚಾಚಿದ ಸ್ಕ್ರೂ ತುದಿ ಜುಂಗನ್ನು ಮುಳ್ಳಿನಂತೆ ಹಿಡಿದುಕೊಳ್ಳುತ್ತದೆ. ಶಾಖ ತಡೆಯುವ ಅಲ್ಯೂಮಿನಿಯಂ ಟೇಪು ಅಥವಾ ಹೊರಗಿನ ಪಟ್ಟಿಯಿಂದ ಬಿಗಿಯಬಹುದು. ಒಂದು ತುಂಡಿನ ಬಾಯಿ ಇನ್ನೊಂದರೊಳಗೆ ಗಾಳಿ ಹರಿಯುವ ದಿಕ್ಕಿನಲ್ಲೇ ಕೂರಲಿ.

• ಯಂತ್ರದ ಕೊಳವೆ ಮುಖ್ಯ ಡಕ್ಟ್‌ಗೆ ನೇರ ಅಡ್ಡವಾಗಿ ಗುದ್ದಬಾರದು. ಎರಡು ಹೊಳೆ ಕೂಡುವಂತೆ, ಹರಿವಿನ ದಿಕ್ಕಿಗೆ ಓರೆಯಾಗಿ, 45 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಕೋನದಲ್ಲಿ ಸೇರಬೇಕು. ಎರಡು ಕೊಳವೆಗಳು ಎದುರುಬದುರಾಗಿ ಸೇರಬಾರದು.

• ಡಕ್ಟ್ ಆದಷ್ಟು ಗಿಡ್ಡ, ತಿರುವು ಆದಷ್ಟು ಕಡಿಮೆ. ಒಂದೊಂದು ತಿರುವೂ ಹಲವು ಅಡಿ ನೇರ ಡಕ್ಟ್‌ನಷ್ಟು ತಡೆ ಒಡ್ಡುತ್ತದೆ.

• ಪ್ರತಿ ತಿರುವಿನಲ್ಲೂ, ನೇರ ಭಾಗದಲ್ಲಿ ಬ್ರಷ್ ಹಿಡಿದ ಕೈ ತಲುಪುವಷ್ಟು ದೂರಕ್ಕೊಂದರಂತೆಯೂ ಸ್ವಚ್ಛತೆಯ ಬಾಗಿಲಿರಲಿ. ಫಾಲ್ಸ್ ಸೀಲಿಂಗ್ ಒಳಗೆ ಮುಚ್ಚಿಹೋದ ಡಕ್ಟನ್ನು ಯಾರೂ ತೊಳೆಯುವುದಿಲ್ಲ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಇದಕ್ಕೆ ದುಬಾರಿ ಸಾಧನ ಬೇಕಿಲ್ಲ. ಹೆಚ್ಚಿನ ವಾಣಿಜ್ಯ ಡ್ರೈಯರ್‌ಗಳು ಹೊರಬಾಯಿಯಲ್ಲಿ ಸಹಿಸುವ ಒತ್ತಡ ಸುಮಾರು 0.3 ಇಂಚು, ಅಂದರೆ ಏಳೂವರೆ ಮಿಲಿಮೀಟರ್ ನೀರಿನ ಎತ್ತರದಷ್ಟು ಮಾತ್ರ. ನಿಖರ ಅಂಕಿ ಆಯಾ ಯಂತ್ರದ ಕೈಪಿಡಿಯಲ್ಲಿರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ‘ಯು’ ಆಕಾರದಲ್ಲಿ ಬಗ್ಗಿಸಿ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಯಂತ್ರದ ಹಿಂದಿನ ಡಕ್ಟ್‌ನ ಸಣ್ಣ ತೂತಿಗೆ ಹಿಡಿದರೆ ಎರಡೂ ಕಡೆಯ ನೀರಿನ ಮಟ್ಟದ ಅಂತರವೇ ಒತ್ತಡ. ನಾಲ್ಕೂ ಯಂತ್ರ ಓಡುವಾಗ ಒಂದು ಸಲ ಅಳೆಯಿರಿ. ಹೊಸದಾಗಿ ಕಟ್ಟಿದ ದಿನದ ಅಂಕಿಯನ್ನು ಗೋಡೆಯ ಮೇಲೆ ಬರೆದಿಡಿ. ತಿಂಗಳಿಂದ ತಿಂಗಳಿಗೆ ಅಂಕಿ ಏರುತ್ತಿದ್ದರೆ ಡಕ್ಟ್ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಅಳತೆ ಮುಗಿದ ಮೇಲೆ ತೂತನ್ನು ಟೇಪಿನಿಂದ ಮುಚ್ಚಿ.

ಎರಡನೇ ಪರೀಕ್ಷೆ ಇನ್ನೂ ಸರಳ. ಒಂದೇ ಯಂತ್ರ ಓಡಿಸಿ, ನಿಂತ ಯಂತ್ರಗಳ ಬಾಗಿಲು ತೆರೆದು, ಒಂದು ತೆಳು ಟಿಶ್ಯೂ ಕಾಗದದ ಚೂರನ್ನು ಮುಂದೆ ಹಿಡಿಯಿರಿ. ಅದು ನಿಮ್ಮ ಕಡೆಗೆ ಹಾರಿದರೆ, ಒಳಗಿನಿಂದ ಬಿಸಿ ತೇವ ಬಂದರೆ ಗಾಳಿ ಹಿಂದೆ ಬರುತ್ತಿದೆ, ಡ್ಯಾಂಪರ್ ಕೆಲಸ ಮಾಡುತ್ತಿಲ್ಲ. ನಾಲ್ಕೂ ಓಡಿಸಿ ಮಾತ್ರ ನೋಡಿ ‘ಚೆನ್ನಾಗಿದೆ’ ಎಂದು ಒಪ್ಪಿಕೊಂಡರೆ ಈ ದೋಷ ಎಂದೂ ಕಣ್ಣಿಗೆ ಬೀಳುವುದಿಲ್ಲ. ಡಕ್ಟ್ ಕಟ್ಟಿದವರಿಗೆ ಹಣ ಕೊಡುವ ಮೊದಲು ಈ ಎರಡೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ದಿನನಿತ್ಯದ ಲಕ್ಷಣಗಳೂ ಮಾತಾಡುತ್ತವೆ. ಬಟ್ಟೆ ಒಣಗಲು ಮೊದಲಿಗಿಂತ ಹೆಚ್ಚು ಹೊತ್ತು, ಯಂತ್ರದ ಮೈ ಮುಟ್ಟಲಾಗದಷ್ಟು ಬಿಸಿ, ಸುಟ್ಟ ವಾಸನೆ, ಕಿಟಕಿ ಗಾಜಿನ ಮೇಲೆ ಬೆವರು, ಯಂತ್ರದ ಹಿಂದೆ ನೆಲದ ಮೇಲೆ ಜುಂಗು. ಗಾಳಿ ಕಡಿಮೆಯಾದಾಗ ಬರ್ನರ್ ತಾನಾಗಿ ಆರುವ ಸ್ವಿಚ್ ಈ ಯಂತ್ರಗಳಲ್ಲಿರುತ್ತದೆ. ಅದು ಪದೇ ಪದೇ ಆರಿಸುತ್ತದೆಂದು ತಂತಿ ಕಟ್ಟಿ ಸುಮ್ಮನಾಗಿಸುವುದು, ಕೂಗುವ ನಾಯಿಯ ಬಾಯಿ ಕಟ್ಟಿ ಕಳ್ಳನಿಗೆ ದಾರಿ ಬಿಟ್ಟಂತೆ.

ಜಾಲರಿಯನ್ನು ಪ್ರತಿ ಸುತ್ತಿಗೂ ಅಥವಾ ಕೈಪಿಡಿ ಹೇಳುವಷ್ಟು ಸಲ, ಡ್ಯಾಂಪರನ್ನು ತಿಂಗಳಿಗೊಮ್ಮೆ ನೋಡಬೇಕು. ಡಕ್ಟ್ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಅಳತೆಯ ಅಂಕಿಯೇ ಹೇಳುತ್ತದೆ. ನಮ್ಮ ಊರಿಗಾದರೆ ಎರಡು ಸಲವನ್ನಂತೂ ತಪ್ಪಿಸಬಾರದು: ಪ್ರವಾಸಿಗರ ಹಂಗಾಮು ಶುರುವಾಗುವ ಮುನ್ನ ಒಮ್ಮೆ, ಒಂದೊಂದೇ ಯಂತ್ರ ಓಡಿದ ಬೇಸಿಗೆ ಮುಗಿದ ಮೇಲೆ ಒಮ್ಮೆ. ಬೇಸಿಗೆಯಲ್ಲಿ ಕೂತ ಒಣ ಜುಂಗಿನ ಮೇಲೆ ಹಂಗಾಮಿನ ಪೂರ್ತಿ ಬಿಸಿಗಾಳಿ ಹರಿಯುವ ಮೊದಲೇ ಡಕ್ಟ್ ಖಾಲಿಯಾಗಿರಬೇಕು.

ಬಿಸಿಲನ್ನು ಮರೆಯಬೇಕಿಲ್ಲ

ವರ್ಷದ ಬಹುಪಾಲು ಒಣಹವೆ ಇರುವ ಊರು ನಮ್ಮದು. ಧೂಳಿಗೆ ಮರೆಯಿರುವ ಚಾವಣಿಯಲ್ಲಿ ಟವೆಲ್, ಬೆಡ್‌ಶೀಟುಗಳನ್ನು ಅರ್ಧ ಒಣಗಿಸಿ, ಉಳಿದ ತೇವಕ್ಕಷ್ಟೇ ಯಂತ್ರ ಬಳಸಿದರೂ ಗ್ಯಾಸು ಉಳಿಯುತ್ತದೆ, ಯಂತ್ರ ಓಡುವ ಹೊತ್ತು ಇಳಿಯುತ್ತದೆ, ಜುಂಗೂ ಕಡಿಮೆಯಾಗುತ್ತದೆ. ಹಿಂಡುವ ಯಂತ್ರದಲ್ಲಿ ಇನ್ನೆರಡು ನಿಮಿಷ ಹೆಚ್ಚು ತಿರುಗಿಸಿದರೂ ಅಷ್ಟು ನೀರು ಡ್ರೈಯರ್‌ಗೆ ಹೋಗುವುದು ತಪ್ಪುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಹಲವು ಡ್ರೈಯರ್‌ಗಳನ್ನು ಒಂದೇ ಡಕ್ಟ್‌ಗೆ ಸೇರಿಸುವುದು ತಪ್ಪಲ್ಲ, ಸುಲಭವೂ ಅಲ್ಲ. ಡಕ್ಟ್ ಕಟ್ಟುವಾಗ ಉಳಿಸಿದ ಹಣದಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಅದರ ಸ್ವಚ್ಛತೆಗೆ ವಾಪಸ್ ಕೊಡಬೇಕಾಗುತ್ತದೆ. ಅದನ್ನು ಕೊಡಲು ಮನಸ್ಸಿಲ್ಲದವರು ಗೋಡೆಗೆ ನಾಲ್ಕು ತೂತು ಕೊರೆಸಿಬಿಡುವುದೇ ಮೇಲು. ಆ ಕೋಣೆಯಲ್ಲಿ ರಾತ್ರಿಯಿಡೀ ನಿಂತು ಬಟ್ಟೆ ಮಡಿಸುವವರು ಉಸಿರಾಡುವುದೂ ಅಲ್ಲಿನ ಗಾಳಿಯನ್ನೇ.